ಎರಡು ಲಕ್ಷದ ಸ್ಮಾರ್ಟ್ ಕ್ಲಾಸ್: ಟಚ್ ಪ್ಯಾನಲ್ಲೋ, ಟ್ಯಾಬೋ?

ಪ್ರಶ್ನೆ: ಗದಗ ಜಿಲ್ಲೆ ರೋಣ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ ನಾನು. ಇಲ್ಲೇ ಕಲಿತು ಈಗ ಬೆಂಗಳೂರು, ಪುಣೆಯಲ್ಲಿ ದುಡಿಯುತ್ತಿರುವ ಹುಡುಗರು ಸೇರಿ ಎರಡು ಲಕ್ಷ ರೂಪಾಯಿ ಕೊಡುತ್ತೇವೆ, ಸ್ಮಾರ್ಟ್ ಕ್ಲಾಸ್ ಮಾಡಿಸಿ ಎಂದಿದ್ದಾರೆ. ಒಬ್ಬ ವ್ಯಾಪಾರಿ 65 ಇಂಚಿನ ಟಚ್ ಪ್ಯಾನಲ್, ಜತೆಗೆ ಮೂರು ವರ್ಷದ ಪಾಠದ ಪ್ಯಾಕೇಜ್ ಎನ್ನುತ್ತಾನೆ. ಇನ್ನೊಬ್ಬ ಹದಿನೈದು ಟ್ಯಾಬ್ ಎನ್ನುತ್ತಾನೆ. ಮಧ್ಯಾಹ್ನ ಆಗಾಗ ಕರೆಂಟು ಹೋಗುತ್ತದೆ. ಮೊಬೈಲ್ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾಲ್ಕರಿಂದ ಏಳನೇ ತರಗತಿವರೆಗೆ ನೂರರಷ್ಟು ಮಕ್ಕಳಿದ್ದಾರೆ. ಯಾವುದನ್ನು ಕೊಳ್ಳಬೇಕು?

ಉತ್ತರ: ಎರಡೂ ಬೇಡ. ಒಂದು ದೊಡ್ಡ ಸಾದಾ ಟಿ.ವಿ., ಅದರ ಬೆನ್ನಿಗೆ ಕಟ್ಟುವ ಅಂಗೈಯಗಲದ ಮಿನಿ ಕಂಪ್ಯೂಟರ್, ಇನ್ವರ್ಟರ್, ವೆಬ್‌ಕ್ಯಾಮ್, ಸ್ಪೀಕರ್, ಮತ್ತು ನೆಟ್ ಇಲ್ಲದೆ ತೆರೆಯುವ ಪಾಠದ ಸಾಮಗ್ರಿ ತುಂಬಿದ ಡಿಸ್ಕ್. ನಿಮ್ಮ ಶಾಲೆಗೆ ಬೇಕಾದದ್ದು ಇಷ್ಟೇ. ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ.

ಟಚ್ ಪ್ಯಾನಲ್ ಯಾಕೆ ಬೇಡ ಎಂದರೆ, ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಒಂದು ಸಲಕ್ಕೆ ಒಂದು ಮಗು ಅದನ್ನು ಮುಟ್ಟುತ್ತದೆ, ಉಳಿದವರು ನೋಡುತ್ತ ಕೂರುತ್ತಾರೆ. ಆ ಮುಟ್ಟುವ ಸೌಲಭ್ಯಕ್ಕಾಗಿ ಅದೇ ಅಳತೆಯ ಟಿ.ವಿ.ಯ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ ತೆರಬೇಕು. ಒಳಗಿನ ಆಂಡ್ರಾಯ್ಡ್ ನಾಲ್ಕೈದು ವರ್ಷಕ್ಕೆ ಹಳತಾದರೆ ಇಡೀ ಪ್ಯಾನಲ್ಲೇ ಹಳತಾದಂತೆ. ಟಿ.ವಿ. ಬೇರೆ, ಕಂಪ್ಯೂಟರ್ ಬೇರೆ ಇದ್ದರೆ ಕೆಟ್ಟದ್ದನ್ನಷ್ಟೇ ಬದಲಿಸಬಹುದು, ಅದೂ ಗದಗದ ಅಂಗಡಿಯಲ್ಲೇ. ಪಾಠದ ಪ್ಯಾಕೇಜಿನ ಬಗ್ಗೆ ವ್ಯಾಪಾರಿಯಿಂದ ಮೂರು ಉತ್ತರ ಬರಹದಲ್ಲಿ ಕೇಳಿ: ನೆಟ್ ಇಲ್ಲದೆ ತೆರೆಯುತ್ತದೆಯೇ? ಮೂರು ವರ್ಷ ಮುಗಿದ ಮೇಲೂ ತೆರೆಯುತ್ತದೆಯೇ? ಈ ವರ್ಷದ ನಮ್ಮ ಪಠ್ಯಪುಸ್ತಕಕ್ಕೆ ಪಾಠಪಾಠಕ್ಕೂ ಹೊಂದುತ್ತದೆಯೇ? ಒಂದಕ್ಕಾದರೂ ಉತ್ತರ ತಡವರಿಸಿದರೆ ಅದು ಶಾಲೆಯ ಆಸ್ತಿಯಲ್ಲ, ಬಾಡಿಗೆ ಮಾಲು.

ಟ್ಯಾಬ್‌ಗಳದ್ದು ಬೇರೆ ತೊಂದರೆ. ಹದಿನೈದನ್ನೂ ದಿನಾ ಚಾರ್ಜ್ ಮಾಡುವವರು ಯಾರು, ಎಣಿಸಿ ಇಡುವವರು ಯಾರು? ಏಪ್ರಿಲ್ ರಜೆಗೆ ಚಾರ್ಜ್ ಪೂರ್ತಿ ಇಳಿದ ಸ್ಥಿತಿಯಲ್ಲಿ ಕಪಾಟು ಸೇರಿದ ಲಿಥಿಯಂ ಬ್ಯಾಟರಿ ಜೂನ್ ಹೊತ್ತಿಗೆ ಮತ್ತೆ ಏಳದಿರುವುದು ಸಾಮಾನ್ಯ. ನೋಡಿಕೊಳ್ಳಲು ಪೂರ್ಣಾವಧಿಯ ಒಬ್ಬರಿಲ್ಲದ ಶಾಲೆಗೆ ಟ್ಯಾಬ್ ಹೊರೆಯಾಗುತ್ತದೆ.

ಹಣ ಖರ್ಚು ಮಾಡುವ ಕ್ರಮವೂ ಮುಖ್ಯ. ಮೊದಲ ರೂಪಾಯಿ ಹೋಗಬೇಕಾದದ್ದು ಪರದೆಗಲ್ಲ, ವೈರಿಂಗಿಗೆ. ನಮ್ಮ ಕಡೆ ಶಾಲೆಗಳ ಉಪಕರಣ ಸುಡುವುದು ಬಹುಪಾಲು ಮೂರು ಕಾರಣಕ್ಕೆ: ಅರ್ತಿಂಗ್ ಸರಿಯಿಲ್ಲ, ನ್ಯೂಟ್ರಲ್ (ಕರೆಂಟು ಮರಳಿ ಹೋಗುವ ತಂತಿ) ಸಡಿಲ, ಸಿಡಿಲು. ಕರೆಂಟು ಕಡಿಮೆ ಬರುತ್ತದೆ ಎಂದು ಜನ ಸ್ಟೆಬಿಲೈಜರ್ ಕೊಳ್ಳುತ್ತಾರೆ. ಆದರೆ ಇಂದಿನ ಟಿ.ವಿ., ಕಂಪ್ಯೂಟರ್‌ಗಳ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೂ ತಾನೇ ಹೊಂದಿಸಿಕೊಳ್ಳುತ್ತದೆ. ಕಡಿಮೆ ವೋಲ್ಟೇಜಿಗೆ ಅದು ಜಗ್ಗುವುದಿಲ್ಲ. ಸುಡುವುದು ಹೆಚ್ಚು ವೋಲ್ಟೇಜಿಗೆ. ಕಂಬದ ಬಳಿ ನ್ಯೂಟ್ರಲ್ ತಂತಿ ಕಡಿದರೆ 230 ಇರಬೇಕಾದಲ್ಲಿ 400ರ ಹತ್ತಿರ ಬಂದುಬಿಡಬಹುದು. ಅದಕ್ಕೆ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಏರಿದಾಗ ಮತ್ತು ಇಳಿದಾಗ ತಾನೇ ಕಡಿಯುವ ಪ್ರೊಟೆಕ್ಟರ್ ಒಂದನ್ನು ಹಾಕಿಸಿ, ಮೇಲಿನ ಮಿತಿ 270 ವೋಲ್ಟ್‌ಗೆ ಇಡಿಸಿ. ಅದರ ಪಕ್ಕದಲ್ಲೇ 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇರಲಿ. ಅದು ಉಪಕರಣಕ್ಕಲ್ಲ, ಮಕ್ಕಳ ಜೀವಕ್ಕೆ.

ಅರ್ತಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ರೋಣ, ನರಗುಂದ, ನವಲಗುಂದದ ಎರೆಭೂಮಿಯಲ್ಲಿ (ಕಪ್ಪು ಮಣ್ಣಿನಲ್ಲಿ) ಇದು ಮಸಾರಿಗಿಂತ (ಕೆಂಪು ಮಣ್ಣಿಗಿಂತ) ಬೇರೆಯದೇ ಥರ. ಎರೆ ಮಣ್ಣು ಹಸಿಯಾಗಿದ್ದಾಗ ಅರ್ತಿಂಗಿಗೆ ತುಂಬ ಒಳ್ಳೆಯದು. ಫೆಬ್ರವರಿ ದಾಟಿದ ಮೇಲೆ ಒಣಗಿ ಬಿರುಕು ಬಿಟ್ಟಾಗ ಮಣ್ಣು ಪೈಪನ್ನು ಬಿಟ್ಟು ದೂರ ಸರಿಯುತ್ತದೆ. ಮಳೆಗಾಲದಲ್ಲಿ ಪರೀಕ್ಷಿಸಿ ಸರಿಯಿದೆ ಎಂದ ಅರ್ತಿಂಗ್ ಮಾರ್ಚಿನಲ್ಲಿ ಹೆಸರಿಗಷ್ಟೇ ಇರುತ್ತದೆ, ಮುಂಗಾರಿಗೆ ಮುಂಚಿನ ಅಡ್ಡಮಳೆಯ ಸಿಡಿಲು ಬರುವುದೂ ಅದರ ಬೆನ್ನಿಗೇ. 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು ನೆಟ್ಟಗೆ ಹೂಳಿಸಿ, ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ತುಂಬಿಸಿ. ಅದು ತೇವ ಹಿಡಿದಿಡುತ್ತದೆ. ಬರೀ ಉಪ್ಪು, ಇದ್ದಿಲು ಹಾಕಿದರೆ ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪೂ ತುಕ್ಕು ಹಿಡಿಯುತ್ತದೆ. ಮೇಲೊಂದು ಸಿಮೆಂಟ್ ತೊಟ್ಟಿ ಕಟ್ಟಿಸಿ, ಫೆಬ್ರವರಿಯಿಂದ ಮೇವರೆಗೆ ವಾರಕ್ಕೆರಡು ಕೊಡ ನೀರು ಹೊಯ್ಯಿಸಿ. ಅರ್ತ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬರಬೇಕು. ಎಲೆಕ್ಟ್ರಿಷಿಯನ್ ಬಳಿ ಆ ಮೀಟರ್ ಇಲ್ಲದಿದ್ದರೆ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಯಲಿ. ಎರಡು ಮೂರು ವೋಲ್ಟ್ ದಾಟಿದರೆ ಎಲ್ಲೋ ದೋಷವಿದೆ ಎಂದೇ ತಿಳಿಯಿರಿ. ಈ ಕೆಲಸ ಮುಗಿದು ಅಂಕಿ ಕಣ್ಣಾರೆ ನೋಡುವ ತನಕ ಟಿ.ವಿ.ಗೆ ಆರ್ಡರ್ ಕೊಡಬೇಡಿ.

ಇನ್ವರ್ಟರ್ ಲೆಕ್ಕ ಸರಳ. 65 ಇಂಚಿನ ಎಲ್‌ಇಡಿ ಟಿ.ವಿ. ಸುಮಾರು 140 ವಾಟ್, ಮಿನಿ ಕಂಪ್ಯೂಟರ್ 20, ಸ್ಪೀಕರ್ 20, ಒಟ್ಟು 180. 12 ವೋಲ್ಟಿನ 150 ಎಎಚ್ (ಆ್ಯಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವಾಟ್-ಗಂಟೆ ಇರುತ್ತದೆ. ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಅಂದರೆ 900. ಇನ್ವರ್ಟರಿನಲ್ಲಿ ಐದನೇ ಒಂದು ಭಾಗ ಪೋಲಾದರೆ ಕೈಗೆ ಬರುವುದು 720. ಅದನ್ನು 180ರಿಂದ ಭಾಗಿಸಿದರೆ 4 ಗಂಟೆ. ಬ್ಯಾಟರಿ ಹಳತಾದಂತೆ ಇದು ಎರಡೂವರೆಗೆ ಇಳಿದರೂ ಮಧ್ಯಾಹ್ನದ ಅವಧಿಗಳಿಗೆ ಸಾಕು. 900 ವಿಎ ಆಸುಪಾಸಿನ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಅಗ್ಗದ ಸ್ಕ್ವೇರ್ ವೇವಿನಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ, ಪವರ್ ಸಪ್ಲೈ ಬಿಸಿಯಾಗುತ್ತದೆ. ಇದೇ ಲೈನಿಗೆ ಕಚೇರಿಯ ಫ್ಯಾನು, ಜೆರಾಕ್ಸ್ ಯಂತ್ರ ಸೇರಿಸಲು ಯಾರು ಕೇಳಿದರೂ ಒಪ್ಪಬೇಡಿ. ಹಾಗೆ ಸೇರಿಸಿದರೆ ನಾಲ್ಕು ಗಂಟೆಯ ಲೆಕ್ಕ ಒಂದೇ ಗಂಟೆಗೆ ಮುಗಿಯುತ್ತದೆ. ಬ್ಯಾಟರಿಗೆ ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಬೇಕು. ಬೋರಿನ ನೀರು ಹಾಕಿದರೆ ಅದರಲ್ಲಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ.

ಪರದೆ 65 ಇಂಚೇ ಯಾಕೆ? ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಅಕ್ಷರ ಸಲೀಸಾಗಿ ಓದಲು ಬರುತ್ತದೆ. 55 ಇಂಚಿನ ಟಿ.ವಿ.ಯ ಎತ್ತರ 68 ಸೆಂ.ಮೀ., ಅಂದರೆ 13 ಅಡಿಯವರೆಗೆ. 65 ಇಂಚಿನದು 81 ಸೆಂ.ಮೀ., 16 ಅಡಿಯವರೆಗೆ. 20 ಅಡಿ ಉದ್ದದ ಕೋಣೆಯಲ್ಲಿ ಕೊನೆಯ ಸಾಲು ಸರಿಯಾಗಿ ಅಲ್ಲಿಗೇ ಬರುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು: ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. ಮುಂದಿನ ಸಾಲಿನವರಿಗೆ ಚೆನ್ನಾಗಿ ಕಾಣುವ ‘ಪತ್ನಿ’ ಹಿಂದಿನವರಿಗೆ ‘ಪತ್ತಿ’ ಆಗುತ್ತದೆ. ಆದ್ದರಿಂದ ಸ್ಲೈಡಿನಲ್ಲಿ 32 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಇರಲಿ, ಒಂದು ಪರದೆಗೆ ಆರು ಸಾಲು ಸಾಕು. ಟಿ.ವಿ.ಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಕಿಟಕಿಯ ಎದುರಿನ ಗೋಡೆಗೆ ಬೇಡ. ಪ್ರೊಜೆಕ್ಟರ್ ಅಗ್ಗಕ್ಕೆ ಸಿಕ್ಕರೂ ಬೇಡ. ಕಿಟಕಿ ಮುಚ್ಚಿದರೆ ಬೇಸಿಗೆಯಲ್ಲಿ ಕೂರಲಾಗದು, ತೆರೆದರೆ ಚಿತ್ರ ಮಾಸುತ್ತದೆ, ನಮ್ಮ ಗಾಳಿಯ ಧೂಳು ಫಿಲ್ಟರನ್ನು ತಿಂಗಳೊಳಗೆ ಕಟ್ಟಿಬಿಡುತ್ತದೆ. ಟಿ.ವಿ.ಗೆ ಬೀಗವಿರುವ ಉಕ್ಕಿನ ಪೆಟ್ಟಿಗೆ ಮಾಡಿಸಿ, ಮೇಲೆ ಕೆಳಗೆ ಗಾಳಿಕಂಡಿ ಇಟ್ಟು ಅದಕ್ಕೆ ಸಣ್ಣ ಜಾಲರಿ ಬಡಿಸಿ. ಇಲಿಯನ್ನು ಒಳಗೆ ಬಿಡಬಾರದು.

ಕಂಪ್ಯೂಟರನ್ನು ಟಿ.ವಿ.ಯ ಬೆನ್ನಿಗೇ ಕಟ್ಟಿಸಿ, ಒಂದೂವರೆ ಮೀಟರಿನ ಎಚ್‌ಡಿಎಂಐ ಕೇಬಲ್ ಸಾಕು. ಮೇಜಿನ ಮೇಲಿಟ್ಟು 15 ಮೀಟರ್ ಅಗ್ಗದ ಕೇಬಲ್ ಎಳೆದರೆ ಚಿತ್ರ ಮಿಣಮಿಣ ಮಾಯವಾಗುತ್ತದೆ, ಜನ ಟಿ.ವಿ. ಕೆಟ್ಟಿತೆಂದು ತಿಳಿಯುತ್ತಾರೆ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ಉಬುಂಟು ಹಾಕಿಸಿದರೆ ವೈರಸ್ಸಿನ ಕಾಟ ತೀರಾ ಕಡಿಮೆ, ಪರವಾನಗಿಯ ಖರ್ಚೂ ಇಲ್ಲ. ಶಿಕ್ಷಕರಿಗೆ ವಿಂಡೋಸ್ ರೂಢಿ ಇದ್ದರೆ ಅದನ್ನೇ ಇಡಿ, ಆದರೆ ಮೊಬೈಲ್ ಹಾಟ್‌ಸ್ಪಾಟನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತು ಮಾಡಿಸಿ. ಇಲ್ಲದಿದ್ದರೆ ಹತ್ತು ನಿಮಿಷ ನೆಟ್ ಕೊಟ್ಟದ್ದೇ ತಡ, ಅಪ್‌ಡೇಟ್ ಇಡೀ ದಿನದ ಡೇಟಾ ನುಂಗುತ್ತದೆ. ದಾನಿಗಳು ತಮ್ಮ ಕಚೇರಿಯ ಹಳೆ ಕಂಪ್ಯೂಟರ್ ಕೊಡುತ್ತೇವೆ ಎಂದರೆ ತೆಗೆದುಕೊಳ್ಳಿ. ಆದರೆ ಮದರ್‌ಬೋರ್ಡಿನ ಸಿಆರ್2032 ಗುಂಡಿ ಬ್ಯಾಟರಿಯನ್ನು ಮೊದಲೇ ಬದಲಿಸಿ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ಆಗ ಯಾವ ಜಾಲತಾಣ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ನೆಟ್ ಕೆಟ್ಟಿದೆ ಎಂದು ದಿನಗಟ್ಟಲೆ ತಡಕಾಡುವ ಈ ದೋಷಕ್ಕೆ ಮದ್ದು ಐವತ್ತು ರೂಪಾಯಿ ಒಳಗಿನದು.

ಇನ್ನು ಒಳಗೆ ತುಂಬುವುದೇನು? ನೆಟ್ ಚೆನ್ನಾಗಿರುವ ಗದಗ ಅಥವಾ ಹುಬ್ಬಳ್ಳಿಯಲ್ಲಿ ಒಬ್ಬರು ಒಂದು ದಿನ ಕೂತು ಇಳಿಸಿಕೊಂಡರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಮೊದಲನೆಯದು, ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿರುವ ನಾಲ್ಕೂ ತರಗತಿಯ ಪುಸ್ತಕಗಳ ಪಿಡಿಎಫ್. ಎರಡನೆಯದು ದೀಕ್ಷಾ, ಸರ್ಕಾರದ ಉಚಿತ ಪಾಠಗಳ ಆ್ಯಪ್. ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಕೋಡ್ ಸವೆದು ಸ್ಕ್ಯಾನ್ ಆಗದಿದ್ದರೆ ಕೆಳಗಿರುವ ಆರು ಅಕ್ಷರಗಳ ಸಂಕೇತವನ್ನು ಟೈಪ್ ಮಾಡಿದರೂ ಪಾಠ ಬರುತ್ತದೆ. ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿಟ್ಟದ್ದು ನೆಟ್ ಇಲ್ಲದೆಯೂ ತೆರೆಯುತ್ತದೆ. ಪಠ್ಯ ಪರಿಷ್ಕರಣೆಯಾದ ಪಾಠಗಳಿಗೆ ಹಳೆಯ ವಿಡಿಯೊ ಅಂಟಿಕೊಂಡಿರುವುದುಂಟು, ಶಿಕ್ಷಕರು ಮೊದಲೇ ನೋಡಿರಬೇಕು. ಮೂರನೆಯದು ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಅದು. ಹಲವು ಕನ್ನಡಕ್ಕೂ ಬಂದಿವೆ. ಒಂದೊಂದೂ ಒಂದು ಸಣ್ಣ ಎಚ್‌ಟಿಎಂಎಲ್ ಫೈಲು, ಪೆನ್‌ಡ್ರೈವಿನಲ್ಲಿ ತಂದು ಬ್ರೌಸರಿನಲ್ಲಿ ತೆರೆದರಾಯಿತು. ಭಿನ್ನರಾಶಿ, ವಿದ್ಯುತ್ ಮಂಡಲ, ವಿಸ್ತೀರ್ಣ, ಪೂರ್ಣಾಂಕಗಳ ಸಂಖ್ಯಾರೇಖೆ, ಈ ನಾಲ್ಕರಿಂದ ಶುರು ಮಾಡಿ. ಜತೆಗೆ ಜಾಲತಾಣವನ್ನು ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಪೂರ್ತಿಯಾಗಿ ಡಿಸ್ಕಿನಲ್ಲೇ ಇಡಬಹುದು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಸಿ. ಹಳೆಯ ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಫೈಲ್ ಅದರೊಳಗೆ ಹೋಗುವುದೇ ಇಲ್ಲ. ಫೋಲ್ಡರುಗಳಿಗೆ ತರಗತಿ, ವಿಷಯ, ಪಾಠದ ಸಂಖ್ಯೆಯ ಹೆಸರೇ ಇರಲಿ, ಪುಸ್ತಕದಲ್ಲಿರುವ ಹಾಗೆ. ಶಿಕ್ಷಕರು ತಾವೇ ಕನ್ನಡದಲ್ಲಿ ಟೈಪ್ ಮಾಡುವುದೆಲ್ಲ ಯೂನಿಕೋಡಿನಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಇಷ್ಟೆಲ್ಲ ಉಪಕರಣಗಳಲ್ಲಿ ಪಾಠಕ್ಕೆ ಅತಿ ಹೆಚ್ಚು ಒದಗುವುದು ವೆಬ್‌ಕ್ಯಾಮ್ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆಟೋಫೋಕಸ್ ಇರುವ 1080ಪಿ ಕ್ಯಾಮೆರಾವನ್ನು ಮೇಜಿನ ಮೇಲೆ 40 ಸೆಂ.ಮೀ. ಎತ್ತರದಲ್ಲಿ ಕೆಳಮುಖವಾಗಿ ಕ್ಲ್ಯಾಂಪ್ ಮಾಡಿ. ಮಗುವಿನ ನೋಟ್‌ಬುಕ್ಕು, ಕಪ್ಪೆಚಿಪ್ಪು, ಕಡಲೆ ಬೀಜದ ಮೊಳಕೆ, ಕೋನಮಾಪಕದ ಗೆರೆ, ಕೆಳಗಿಟ್ಟದ್ದೆಲ್ಲ ಇಡೀ ತರಗತಿಗೆ ಒಮ್ಮೆಗೇ ಕಾಣುತ್ತದೆ. ಭಾಗಾಕಾರವನ್ನು ಇಬ್ಬರು ಬೇರೆಬೇರೆ ರೀತಿಯಲ್ಲಿ ಮಾಡಿದ್ದನ್ನು ಹೆಸರು ಮರೆಮಾಡಿ ಅಕ್ಕಪಕ್ಕ ಇಡಿ, ‘ಯಾವ ಹೆಜ್ಜೆಯಲ್ಲಿ ದಾರಿ ಬೇರೆಯಾಯಿತು?’ ಎಂದು ಕೇಳಿ. ಯಾವ ಪ್ಯಾಕೇಜಿನಲ್ಲೂ ಈ ಪಾಠ ಸಿಗುವುದಿಲ್ಲ, ಯಾಕೆಂದರೆ ಇದು ನಿಮ್ಮ ಮಕ್ಕಳ ತಪ್ಪು, ನಿಮ್ಮ ಮಕ್ಕಳ ಯೋಚನೆ. ಮೊದಲ ದಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕಂಡರೆ ಗಾಬರಿಯಾಗಬೇಡಿ. ಕ್ಯಾಮೆರಾ ಆ್ಯಪಿನ ಸೆಟ್ಟಿಂಗಿನಲ್ಲಿ ‘ಮಿರರ್’ ತೆಗೆಯಬೇಕು. ಪುಟ ಹೊಳೆದು ಕಾಣದಿದ್ದರೆ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಪಕ್ಕದಿಂದ ಬೆಳಕು ಬೀಳಲಿ.

ಪರದೆಯಲ್ಲಿ ಏನು ತೋರಿಸಬಾರದು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ರೋಣದ ಮಗುವಿಗೆ ಜೋಳದ ಬೆಳೆಯ ವಿಡಿಯೊ ತೋರಿಸುವುದು ವ್ಯರ್ಥ. ಹೊಲ ಶಾಲೆಯ ಹಿಂದೆಯೇ ಇದೆ. ಆಯಸ್ಕಾಂತ, ತೂಕ, ಅಳತೆ ಕೈಯಲ್ಲೇ ಆಗಬೇಕು. ಕಣ್ಣಿಗೆ ಕಾಣದ್ದು, ಅತಿ ದೊಡ್ಡದು, ಅತಿ ಸಣ್ಣದು, ಅತಿ ದೂರದ್ದು, ಅತಿ ನಿಧಾನದ್ದು ಮಾತ್ರ ಪರದೆಗೆ ಬರಲಿ: ಬಡಿಯುವ ಹೃದಯದ ಒಳಗು, ಜೀವಕೋಶ, ಸಮುದ್ರದ ತಳ, ಚಂದ್ರ ದಿನದಿನಕ್ಕೆ ಹಿಗ್ಗಿ ಕುಗ್ಗುವ ಬಗೆ.

ವಿದ್ಯುತ್ ಮಂಡಲದ ಪಾಠ ಹೀಗೆ ಸಾಗಲಿ. ಪುಸ್ತಕ ತೆರೆಯುವ ಮುನ್ನ ಒಂದು ಶೆಲ್, ಒಂದು ಟಾರ್ಚ್ ಬಲ್ಬು, ಒಂದೇ ವೈರು ತೋರಿಸಿ, ‘ಬಲ್ಬು ಹತ್ತುತ್ತದೆಯೇ?’ ಎಂದು ಕೇಳಿ, ಪ್ರತಿ ಮಗುವೂ ತನ್ನ ಊಹೆಯನ್ನು ಚಿತ್ರ ಬಿಡಿಸಿ ತೋರಿಸಲಿ. ಆಮೇಲೆ ಗುಂಪುಗುಂಪಾಗಿ ನಿಜವಾದ ಶೆಲ್ಲಿನಲ್ಲಿ ಮಾಡಿ ನೋಡಲಿ. ಹತ್ತಿದ ಮೇಲೆ, ವೈರಿನೊಳಗೆ ಏನಾಗುತ್ತಿದೆ ಎಂಬ ಪ್ರಶ್ನೆ ಎದ್ದಾಗ ಮಾತ್ರ ಫೆಟ್ ತೆರೆಯಿರಿ. ವೈರನ್ನು ಒಂದು ಕಡೆ ಬಿಚ್ಚಿದರೆ ಕಣಗಳು ಎಲ್ಲ ಕಡೆಯೂ ಒಮ್ಮೆಗೇ ನಿಲ್ಲುತ್ತವೆ. ಶೆಲ್ಲಿನಿಂದ ಹೊರಟ ವಿದ್ಯುತ್ತು ಬಲ್ಬಿನಲ್ಲಿ ‘ಖರ್ಚಾಗಿ ಮುಗಿಯುತ್ತದೆ’ ಎಂಬ ಬಹುತೇಕ ಮಕ್ಕಳ ನಂಬಿಕೆ ಅಲ್ಲಿ ಅಲುಗಾಡುತ್ತದೆ. ಪರದೆ ಓಡಿದ್ದು ಆರೇಳು ನಿಮಿಷ, ಪಾಠ ನಲವತ್ತು ನಿಮಿಷ. ಹದಿನೈದು ನಿಮಿಷ ಎಡೆಬಿಡದೆ ಓಡುವ ವಿಡಿಯೊ ಮಕ್ಕಳನ್ನು ಸುಮ್ಮನೆ ಕೂರಿಸುತ್ತದೆ, ಅಷ್ಟೇ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳದಿದ್ದರೆ ಅದನ್ನು ಹಾಕಲೇಬೇಡಿ.

ಸಮಾಜ ವಿಜ್ಞಾನಕ್ಕೆ ನಿಮ್ಮ ಸೀಮೆಯಲ್ಲೇ ಒಂದು ಸೊಗಸಾದ ಪಾಠವಿದೆ. ಮಕ್ಕಳು ಮೊದಲು ಮನೆಯಿಂದ ಶಾಲೆಯ ದಾರಿಯನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಲಿ. ಮೊದಲೇ ಉಳಿಸಿಟ್ಟ ಉಪಗ್ರಹ ಚಿತ್ರದಲ್ಲಿ ಶಾಲೆಯ ಚಾವಣಿ, ಕೆರೆ, ತಮ್ಮ ಮನೆ ಹುಡುಕಲಿ. ಮುಂದಿನ ಚಿತ್ರದಲ್ಲಿ ಊರು ಚಿಕ್ಕದಾಗಿ ಮಲಪ್ರಭಾ ಬಲದಂಡೆ ಕಾಲುವೆ ಕಾಣಲಿ, ಅದರ ಮುಂದಿನದರಲ್ಲಿ ನವಿಲುತೀರ್ಥದ ಅಣೆಕಟ್ಟು, ಕೊನೆಗೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಕೂಡಲಸಂಗಮದವರೆಗೆ ಇಡೀ ನದಿ. ಸೀಮೆಸುಣ್ಣದ್ದೂ ಸೇರಿ ಐದೇ ಚಿತ್ರ. ಕಾಲುವೆ ಯಾಕೆ ನೇರವಾಗಿಲ್ಲ, ಯಾಕೆ ಅಂಕುಡೊಂಕಾಗಿ ಹೋಗಿದೆ ಎಂದು ಕೇಳಿ. ನೆಲದ ಒಂದೇ ಎತ್ತರವನ್ನು ಹಿಡಿದು, ತುಸುವೇ ಇಳಿಜಾರಿನಲ್ಲಿ ಅದನ್ನು ತೋಡಿದ್ದಾರೆ ಎಂಬ ಉತ್ತರಕ್ಕೆ ಮಕ್ಕಳು ತಾವೇ ಬರಲು ಒಂದು ಅವಧಿ ಪೂರ್ತಿ ಹಿಡಿದರೂ ಹಿಡಿಯಲಿ.

ಹಣದ ಅಂದಾಜು ಹೀಗಿದೆ, ಬೆಲೆ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆಯಾಗುತ್ತದೆ: ವೈರಿಂಗ್, ಅರ್ತಿಂಗ್, ರಕ್ಷಣಾ ಸಾಧನಕ್ಕೆ 15,000, ಇನ್ವರ್ಟರ್, ಬ್ಯಾಟರಿಗೆ 25,000, ಟಿ.ವಿ. 60,000, ಮಿನಿ ಕಂಪ್ಯೂಟರ್ 25,000, ಸ್ಪೀಕರ್, ವೆಬ್‌ಕ್ಯಾಮ್, ಕೀಬೋರ್ಡ್, ಮೌಸಿಗೆ 12,000, ಉಕ್ಕಿನ ಪೆಟ್ಟಿಗೆ 10,000, ಹೊರಗಿನ ಎರಡು ಡಿಸ್ಕಿಗೆ 8,000. ಒಟ್ಟು 1,55,000. ಉಳಿದ 45,000 ಮುಟ್ಟಬೇಡಿ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸಲೇಬೇಕು, ಆಗ ದಾನಿಗಳನ್ನು ಹುಡುಕಿಕೊಂಡು ಹೋಗುವಂತಾಗಬಾರದು. ದುರಸ್ತಿಗೆ ಹಣವಿಲ್ಲದೆ ನಿಂತ ಸ್ಮಾರ್ಟ್ ಕ್ಲಾಸುಗಳು ಊರೂರಿಗೂ ಇವೆ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು, ಮೂರು ಕೊಟೇಶನ್, ದಾಸ್ತಾನು ಪುಸ್ತಕದಲ್ಲಿ ಸೀರಿಯಲ್ ನಂಬರ್ ಸಹಿತ ದಾಖಲೆ, ಇವನ್ನು ಬಿಡಬೇಡಿ.

ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಕಲಿತ ವಿದ್ಯೆಯೂ ಅವರ ಜತೆ ಹೋಗುತ್ತದೆ. ಆದ್ದರಿಂದ ಚಾಲೂ ಮಾಡುವ, ಬಂದ್ ಮಾಡುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ. ಕನಿಷ್ಠ ಮೂವರು ಶಿಕ್ಷಕರು, ಆರು ಮತ್ತು ಏಳನೇ ತರಗತಿಯ ನಾಲ್ವರು ಮಕ್ಕಳು ಅದನ್ನು ಮಾಡಬಲ್ಲವರಾಗಿರಲಿ. ಆ ನಾಲ್ವರಲ್ಲಿ ಇಬ್ಬರು ಹುಡುಗಿಯರಿರಲಿ, ಇಲ್ಲದಿದ್ದರೆ ಮೌಸ್ ಹುಡುಗರ ಕೈಯಲ್ಲೇ ಉಳಿಯುತ್ತದೆ. ಪಾಠಗಳ ಎರಡನೇ ಪ್ರತಿ ಇರುವ ಡಿಸ್ಕು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಲಿ. ಮಕ್ಕಳ ಹೆಸರು, ಫೋಟೊ, ಪಾಲಕರ ಫೋನ್ ನಂಬರ್ ಕೇಳುವ ಉಚಿತ ಆ್ಯಪುಗಳ ಹತ್ತಿರ ಹೋಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಮೇಲೆ ಹೇಳಿದ ಪಾಠದ ಪುಸ್ತಕ, ಫೆಟ್, ಕಿವಿಕ್ಸ್ ಯಾವುದಕ್ಕೂ ಮಗುವಿನ ಹೆಸರು ಬೇಕಿಲ್ಲ.

ಬೇಸಿಗೆ ರಜೆಗೆ ಬೀಗ ಹಾಕುವ ದಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಇನ್ವರ್ಟರಿನ ಸ್ವಿಚ್ ಆರಿಸಿ. ಟಿ.ವಿ.ಯ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ, ಸ್ವಿಚ್ ಆರಿಸಿದರಷ್ಟೇ ಸಿಡಿಲಿಗೆ ಸಾಲದು. ಡಿಶ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ. ಮೇ ಮೊದಲ ವಾರ ಒಬ್ಬರು ಬಂದು ಬ್ಯಾಟರಿಯನ್ನು ಒಂದು ಹಗಲು ಚಾರ್ಜ್ ಮಾಡಿ ಹೋಗಲಿ. ಎರಡು ತಿಂಗಳು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಶಕ್ತಿ ಕುಂದಬಹುದು.

ಕೊನೆಯದಾಗಿ, ಬಿಲ್ಲಿನ ಹತ್ತನೇ ಒಂದು ಭಾಗವನ್ನು ತಡೆಹಿಡಿದು, ವ್ಯಾಪಾರಿಯ ಎದುರೇ ಈ ಪರೀಕ್ಷೆ ಮಾಡಿ. ಮೇನ್ ಸ್ವಿಚ್ ಆರಿಸಿ, ಮೊಬೈಲ್ ಡೇಟಾ ಬಂದ್ ಮಾಡಿ, ಎಲ್ಲ ಕಿಟಕಿ ತೆರೆಯಿರಿ. ಶಿಕ್ಷಕರೊಬ್ಬರು ಯಾರ ನೆರವೂ ಇಲ್ಲದೆ ಏಳನೇ ತರಗತಿಯ ವಿಜ್ಞಾನದ ಒಂದು ಪಾಠ ತೆರೆದು ಎರಡು ಗಂಟೆ ಓಡಿಸಲಿ. ಕೊನೆಯ ಸಾಲಿನಲ್ಲಿ ಕೂತ ಮಗು ಒತ್ತಕ್ಷರ ತಪ್ಪದೆ ಓದಿ ಹೇಳಿದರೆ, ಉಳಿದ ಚೆಕ್ಕಿಗೆ ಸಹಿ ಹಾಕಬಹುದು.